ಮೊಲ ಮಂಕಾಗಿದೆ: ಕಾಯುವುದಾ, ಹೊರಡುವುದಾ?

ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ತಿನಿಸು) ಡಬ್ಬಿಯ ಸದ್ದು ಕೇಳಿದರೆ ಸಾಕು, ಓಡಿಬಂದು ಕಾಲಿಗೆ ಸುತ್ತಿಕೊಳ್ಳುವ ಮೊಲ ಇವತ್ತು ಕದಲಲಿಲ್ಲ. ಮೂಲೆಯಲ್ಲಿ ಕೂತಿದೆ. ಹತ್ತಿರ ಹೋದರೆ ಮೂಗು ಆಡಿಸುತ್ತದೆ, ಕಿವಿ ತಿರುಗಿಸುತ್ತದೆ. ಗಾಯವಿಲ್ಲ, ರಕ್ತವಿಲ್ಲ, ವಾಂತಿಯಿಲ್ಲ. (ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಹಾಗಾಗಿ ಅದಾಗಲಿ ಎಂದು ಯಾರೂ ಕಾಯಬಾರದು.) ನಾಯಿ ಒಂದು ಹೊತ್ತು ಊಟ ಬಿಟ್ಟರೆ ಸಂಜೆವರೆಗೆ ನೋಡೋಣ ಅನ್ನಬಹುದು. ಮೊಲದ ವಿಷಯದಲ್ಲಿ ಎಷ್ಟೋ ಸಲ ಆ ಸಂಜೆಯೇ ತಡವಾಗಿರುತ್ತದೆ.

ಕಾರಣ ಎರಡು. ಮೊಲ ಬೇಟೆಗೆ ಬೀಳುವ ಪ್ರಾಣಿ. ನೋವು ತೋರಿಸಿಕೊಂಡ ಮೊಲವನ್ನೇ ಹದ್ದು, ನರಿ ಮೊದಲು ಆರಿಸಿಕೊಳ್ಳುತ್ತವೆ. ಆದ್ದರಿಂದ ಅದು ತಾಳಲಾಗದ ಹಂತದವರೆಗೂ ಸುಮ್ಮನೆ ಕೂರುತ್ತದೆ. ಎರಡನೆಯದು ಅದರ ಕರುಳು. ಮೊಲದ ಕರುಳು ನಿಲ್ಲದೆ ಓಡುತ್ತಿರಬೇಕಾದ ಯಂತ್ರ. ನಾರು ಒಳಗೆ ಹೋಗುತ್ತಲೇ ಇರಬೇಕು, ಹಿಕ್ಕೆ ಹೊರಗೆ ಬೀಳುತ್ತಲೇ ಇರಬೇಕು. ತಿನ್ನುವುದು ನಿಂತರೆ ಕರುಳಿನ ಚಲನೆ ನಿಧಾನವಾಗುತ್ತದೆ, ಹೊಟ್ಟೆಯಲ್ಲಿದ್ದದ್ದು ಒಣಗಿ ಗಟ್ಟಿಯಾಗುತ್ತದೆ, ಗ್ಯಾಸ್ ತುಂಬುತ್ತದೆ, ಗ್ಯಾಸಿನ ನೋವಿಗೆ ಮೊಲ ಇನ್ನಷ್ಟು ತಿನ್ನದಾಗುತ್ತದೆ. ಇದನ್ನೇ ಜಿಐ ಸ್ಟೇಸಿಸ್ ಅನ್ನುವುದು. ಹಸಿವಿನಲ್ಲೇ ಉಳಿದ ಮೊಲದ ಯಕೃತ್ತಿನಲ್ಲಿ ಕೊಬ್ಬು ತುಂಬಲು ಹೆಚ್ಚು ದಿನ ಬೇಕಾಗಿಲ್ಲ, ದಪ್ಪ ಮೊಲಗಳಲ್ಲಂತೂ ಇನ್ನೂ ಬೇಗ.

ಹಾಗಾಗಿ ಇಲ್ಲಿ ಮುಖ್ಯ ಉಪಕರಣ ಗಡಿಯಾರ. ಲಕ್ಷಣ ಎಷ್ಟು ಜೋರಾಗಿದೆ ಅನ್ನುವುದಕ್ಕಿಂತ ಎಷ್ಟು ಗಂಟೆಯಿಂದ ಇದೆ ಅನ್ನುವುದನ್ನು ಹಿಡಿದು ನಿರ್ಧರಿಸಬೇಕು.

ಗಂಟೆಯ ಲೆಕ್ಕ

ಪೆಲೆಟ್ ಬೇಡ ಅಂದಿತು, ಆದರೆ ಒಣಹುಲ್ಲು ಎಂದಿನಂತೆ ಮೆಲ್ಲುತ್ತಿದೆ, ಹಿಕ್ಕೆ ಬೀಳುತ್ತಿದೆ, ಓಡಾಡುತ್ತಿದೆ: ಗಮನವಿಡಿ, ಬರೆದಿಟ್ಟುಕೊಳ್ಳಿ, ಅಷ್ಟು ಸಾಕು. ಮಧ್ಯಾಹ್ನದ ಹೊತ್ತು ಮೂರ್ನಾಲ್ಕು ಗಂಟೆ ತಿನ್ನದೆ ಮಲಗಿರುವುದೂ ಸಹಜ. ಮೊಲ ಚುರುಕಾಗಿರುವುದು ಮುಂಜಾನೆ ಮತ್ತು ಮುಸ್ಸಂಜೆ.

ಸದಾ ಮುಗಿಬೀಳುವ ತಿನಿಸನ್ನೂ ಬೇಡ ಅಂದರೆ, ಹುಲ್ಲನ್ನೂ ಮುಟ್ಟದಿದ್ದರೆ, ಆ ಕ್ಷಣದಿಂದ ಗಡಿಯಾರ ಓಡುತ್ತಿದೆ ಅಂದುಕೊಳ್ಳಿ. ನಾಲ್ಕರಿಂದ ಆರು ಗಂಟೆಯಾದರೂ ಏನೂ ತಿನ್ನದಿದ್ದರೆ ಕ್ಲಿನಿಕ್ಕಿಗೆ ಫೋನ್ ಮಾಡಿ ಪರಿಸ್ಥಿತಿ ಹೇಳಿ. ಎಂಟರಿಂದ ಹನ್ನೆರಡು ಗಂಟೆ ಬಾಯಿಗೆ ಏನೂ ಹೋಗಿಲ್ಲ ಅಥವಾ ಒಂದು ಹಿಕ್ಕೆಯೂ ಬಿದ್ದಿಲ್ಲ ಅಂದರೆ ಅದು ತುರ್ತು. ರಾತ್ರಿಯಾಗಿರಲಿ, ರಜೆಯಾಗಿರಲಿ. ಕೂತ ಭಂಗಿ ಬಿಗಿಯಾಗಿದ್ದರೆ, ಹಲ್ಲು ಕಡಿಯುತ್ತಿದ್ದರೆ, ಹೊಟ್ಟೆ ಗಟ್ಟಿಯಾಗಿದ್ದರೆ ಈ ಗಂಟೆಗಳ ಲೆಕ್ಕವೂ ಬೇಡ, ಆಗಲೇ ಹೊರಡಿ. ಎರಡು ತಿಂಗಳ ಮರಿಗೂ ಇದೇ ಮಾತು. ದೊಡ್ಡ ಮೊಲಕ್ಕೆ ಸಿಗುವ ಸಮಯ ಮರಿಗೆ ಸಿಗುವುದಿಲ್ಲ.

ಎಲ್ಲರೂ ತಪ್ಪುವುದು ಇಲ್ಲಿ: ತಾವು ಗಮನಿಸಿದ ಹೊತ್ತಿನಿಂದ ಎಣಿಸಲು ಶುರುಮಾಡುತ್ತಾರೆ. ರಾತ್ರಿ 10ಕ್ಕೆ ಹುಲ್ಲು ತಿನ್ನುವುದನ್ನು ನೋಡಿದ್ದೀರಿ, ಬೆಳಿಗ್ಗೆ 7ಕ್ಕೆ ತಿಂಡಿ ಬೇಡ ಅಂದಿತು. ತಿನ್ನದೆ ಆಗಲೇ 9 ಗಂಟೆ ಆಗಿರಬಹುದು. ಇನ್ನೊಂದು ಎಂಟು ಗಂಟೆ ಕಾದರೆ ಒಟ್ಟು 17 ಆಯಿತು. ಈ ಗೊಂದಲ ತಪ್ಪಿಸಲು ಸುಲಭ ದಾರಿಯಿದೆ. ದಿನಾ ರಾತ್ರಿ ಮಲಗುವ ಮುಂಚೆ ಮೊಲ ಹಿಕ್ಕೆ ಹಾಕುವ ಟ್ರೇ ಸ್ವಚ್ಛ ಮಾಡಿ, ಹುಲ್ಲನ್ನು ಒಂದು ಗುರುತಿನವರೆಗೆ ತುಂಬಿಡಿ. ಬೆಳಿಗ್ಗೆ ಟ್ರೇಯಲ್ಲಿರುವುದೆಲ್ಲ ಆ ರಾತ್ರಿಯದೇ. ಟ್ರೇ ತುಂಬ ಹಿಕ್ಕೆ ಇದ್ದು, ಅವುಗಳಲ್ಲಿ ಕೆಲವು ಇನ್ನೂ ಹಸಿಯಾಗಿದ್ದರೆ ತೊಂದರೆ ಈಗಷ್ಟೇ ಶುರುವಾಗಿದೆ. ಹತ್ತೋ ಹನ್ನೆರಡೋ ಒಣ ಹಿಕ್ಕೆ ಇದ್ದರೆ ರಾತ್ರಿಯ ಮೊದಲ ಜಾವದಲ್ಲೇ ಕರುಳು ನಿಧಾನವಾಗಿತ್ತು ಎಂದರ್ಥ. ಎರಡು ಮೊಲ ಒಟ್ಟಿಗಿದ್ದರೆ ಈ ಲೆಕ್ಕ ಕೈಕೊಡುತ್ತದೆ. ಅನುಮಾನ ಬಂದ ಕೂಡಲೇ ನಡುವೆ ಜಾಲರಿ ಇಟ್ಟು, ಒಂದಕ್ಕೊಂದು ಕಾಣುವಂತೆ, ಬೇರೆ ಬೇರೆ ಟ್ರೇ ಕೊಡಿ. ಪೂರ್ತಿ ಬೇರೆ ಕೋಣೆಗೆ ಹಾಕಿದರೆ ಒಂಟಿತನದ ಒತ್ತಡವೇ ತಿನ್ನದಿರಲು ಇನ್ನೊಂದು ಕಾರಣವಾಗುತ್ತದೆ.

ಹಿಕ್ಕೆ ಓದುವುದು

ಮೊಲ ಸಾಕುವವರು ಹಿಕ್ಕೆಯ ಬಗ್ಗೆ ಊಟದ ಹೊತ್ತಿನಲ್ಲೂ ಮಾತಾಡುತ್ತಾರೆ ಎಂದು ಬೇರೆಯವರು ನಗುವುದುಂಟು. ನಗಲಿ. ಮೊಲದ ಒಳಗೆ ಏನು ನಡೆದಿದೆ ಎಂದು ದಿನಾ, ಮುಟ್ಟದೆ, ಹೆದರಿಸದೆ ತಿಳಿಯಲು ಇರುವ ದಾರಿ ಇದೊಂದೇ.

ಆರೋಗ್ಯವಂತ ಮೊಲ ದಿನಕ್ಕೆ ಸುಮಾರು 200ರಿಂದ 300 ಹಿಕ್ಕೆ ಹಾಕುತ್ತದೆ. ದುಂಡಗೆ, ಒಂದೇ ಅಳತೆಯಲ್ಲಿ, ಮೊಲದ ಗಾತ್ರಕ್ಕೆ ತಕ್ಕಂತೆ 7ರಿಂದ 12 ಮಿ.ಮೀ. ಬೆರಳಲ್ಲಿ ಹಿಚುಕಿದರೆ ಪುಡಿಪುಡಿಯಾಗಿ ಒಳಗೆ ಹುಲ್ಲಿನ ನಾರು ಕಾಣಬೇಕು. ನಿಮ್ಮ ಮೊಲ ಹುಷಾರಾಗಿರುವಾಗ ಹತ್ತು ಹಿಕ್ಕೆಯನ್ನು ಅಳತೆಪಟ್ಟಿಯ ಪಕ್ಕ ಇಟ್ಟು ಒಂದು ಫೋಟೋ ತೆಗೆದಿಡಿ. ಮುಂದೆ ಅನುಮಾನ ಬಂದ ದಿನ ನೆನಪಿಗಿಂತ ಅದು ಹೆಚ್ಚು ನಂಬಿಕೆಗೆ ಅರ್ಹ.

ಚಿಕ್ಕದಾಗಿ, ಕಪ್ಪಾಗಿ, ಗಟ್ಟಿಯಾಗಿ ಬರುತ್ತಿದ್ದರೆ ತಿನ್ನುವುದು ಅಥವಾ ನೀರು ಕುಡಿಯುವುದು ಕಡಿಮೆಯಾಗಿದೆ. ಇದು ಪೂರ್ತಿ ನಿಲ್ಲುವುದಕ್ಕೆ ಒಂದೆರಡು ದಿನ ಮೊದಲೇ ಕಾಣಿಸಿಕೊಳ್ಳಬಹುದು, ಅಂದರೆ ನಿಮಗೆ ಸಿಗುವ ಅತ್ಯಂತ ಮುಂಚಿನ ಎಚ್ಚರಿಕೆ ಇದೇ. ಗಾತ್ರ ಒಂದೊಂದೂ ಒಂದೊಂದು ಥರ, ಕೆಲವು ಹನಿಯಂತೆ ಮೊನೆಯಾಗಿದ್ದರೆ ಕರುಳಿನ ಲಯ ತಪ್ಪಿದೆ. ಮಣಿಸರದಂತೆ ಕೂದಲಿನಲ್ಲಿ ಪೋಣಿಸಿಕೊಂಡು ಬಂದರೆ ರೋಮ ಉದುರುವ ಕಾಲವಿರಬೇಕು. ದಿನಾ ಬಾಚಿ, ಹುಲ್ಲು ಮತ್ತು ನೀರು ಹೆಚ್ಚು ಹೋಗುವಂತೆ ನೋಡಿಕೊಳ್ಳಿ, ಗಾತ್ರವೂ ಕುಗ್ಗುತ್ತಿದ್ದರೆ ವೆಟ್‌ಗೆ (ಪಶುವೈದ್ಯರಿಗೆ) ತೋರಿಸಿ. ಹಿಕ್ಕೆಯ ಮೇಲೆ ಲೋಳೆ ಸುತ್ತಿಕೊಂಡಿದ್ದರೆ, ಅಥವಾ ಬರೀ ಲೋಳೆ ಬಂದರೆ ಅದೇ ದಿನ.

ಮೆತ್ತಗಿನ ಹಿಕ್ಕೆಯ ವಿಷಯದಲ್ಲಿ ಬಹಳ ಗೊಂದಲವಿದೆ. ಮೊಲ ಎರಡು ಬಗೆಯಲ್ಲಿ ವಿಸರ್ಜಿಸುತ್ತದೆ. ಒಂದು ಗಟ್ಟಿ ಹಿಕ್ಕೆ. ಇನ್ನೊಂದು ಸೀಕೋಟ್ರೋಪ್: ಚಿಕ್ಕ ದ್ರಾಕ್ಷಿ ಗೊಂಚಲಿನಂತೆ, ಹೊಳಪಾಗಿ, ಮೆತ್ತಗೆ, ವಾಸನೆಯಿಂದ ಕೂಡಿರುತ್ತದೆ. ಇದನ್ನು ಮೊಲ ಹಿಂಭಾಗದಿಂದಲೇ ನೇರ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಅದರಲ್ಲಿರುವ ಪ್ರೋಟೀನು, ವಿಟಮಿನ್ನು ಅದಕ್ಕೆ ಬೇಕು. ಇವು ನೆಲದಲ್ಲಿ ಅಂಟಿಕೊಂಡು ಬಿದ್ದಿರುವುದು ಕಂಡರೆ ಭೇದಿ ಎಂದು ಗಾಬರಿಯಾಗಬೇಡಿ. ಒಂದು ದಿನ ಒಂದೆರಡು ಬಿದ್ದಿದ್ದರೆ ಪರವಾಗಿಲ್ಲ. ದಿನಾ ಬೀಳುತ್ತಿದ್ದರೆ ಪೆಲೆಟ್ ಅಥವಾ ಹಣ್ಣು ಅತಿಯಾಗಿದೆ, ಇಲ್ಲವೇ ಮೊಲಕ್ಕೆ ಬಗ್ಗಿ ಅಲ್ಲಿಗೆ ಬಾಯಿ ಹಾಕಲು ಆಗುತ್ತಿಲ್ಲ. ದಪ್ಪಗಾಗಿದೆಯೋ, ಬೆನ್ನು ಅಥವಾ ಸೊಂಟ ನೋಯುತ್ತಿದೆಯೋ, ಬಾಯಿ ನೋಯುತ್ತಿದೆಯೋ ವೆಟ್ ನೋಡಬೇಕು, ಆ ವಾರದೊಳಗೆ. ನಿಜವಾದ ಭೇದಿ ಬೇರೆ: ಗಟ್ಟಿ ಹಿಕ್ಕೆ ಒಂದೂ ಇಲ್ಲದೆ ಬರೀ ನೀರಾಗಿ ಹೋಗುವುದು. ಅದಕ್ಕೆ ಕಾಯುವ ಅವಧಿಯೇ ಇಲ್ಲ. ಮರಿಯಾದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು.

ತಿನ್ನಲು ಬರುತ್ತದೆ, ಆದರೆ ತಿನ್ನುವುದಿಲ್ಲ

ತಿನ್ನದಿರುವುದರಲ್ಲೂ ಎರಡು ವಿಧವಿದೆ, ಅದನ್ನು ಬೇರ್ಪಡಿಸಿ ಹೇಳಿದರೆ ವೆಟ್‌ಗೆ ಅರ್ಧ ಕೆಲಸ ಹಗುರವಾಗುತ್ತದೆ. ತಿನಿಸಿನ ಹತ್ತಿರವೇ ಬಾರದ ಮೊಲಕ್ಕೆ ಹೊಟ್ಟೆ, ಜ್ವರ, ಅಥವಾ ಮೈಯಲ್ಲಿ ಬೇರೆಲ್ಲೋ ನೋವಿರುವ ಸಾಧ್ಯತೆ ಹೆಚ್ಚು. ಆಸೆಯಿಂದ ಬಂದು, ಮೂಸಿ, ಬಾಯಿಗೆ ತೆಗೆದುಕೊಂಡು, ಒಂದೆರಡು ಸಲ ಜಗಿದು ಕೆಳಗೆ ಬೀಳಿಸುವ ಮೊಲಕ್ಕೆ ತೊಂದರೆಯಿರುವುದು ಬಾಯಲ್ಲಿ.

ಮೊಲದ 28 ಹಲ್ಲುಗಳೂ ಜೀವನವಿಡೀ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಹುಲ್ಲು ಅರೆಯುವಾಗ ದವಡೆ ಹಲ್ಲು ಸವೆಯುತ್ತದೆ. ಹುಲ್ಲು ಸಾಲದಿದ್ದರೆ ಅಥವಾ ದವಡೆಯ ಜೋಡಣೆ ಸರಿಯಿಲ್ಲದಿದ್ದರೆ ಅಂಚಿನಲ್ಲಿ ಚೂಪು ಮೊನೆಗಳು ಬೆಳೆದು, ಕೆಳಗಿನವು ನಾಲಿಗೆಯನ್ನೂ ಮೇಲಿನವು ಕೆನ್ನೆಯನ್ನೂ ಕೊರೆಯುತ್ತವೆ. ಮೊದಲು ಬಿಟ್ಟುಹೋಗುವುದು ಒಣಹುಲ್ಲು, ಏಕೆಂದರೆ ಅದಕ್ಕೆ ಹೆಚ್ಚು ಅರೆಯಬೇಕು. ಆಮೇಲೆ ಪೆಲೆಟ್. ಬಾಳೆಹಣ್ಣಿನ ಚೂರನ್ನಂತೂ ಕೊನೆಯವರೆಗೂ ತಿನ್ನುತ್ತದೆ, ಮನೆಯವರು "ತಿಂತಿದೆಯಲ್ಲ" ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಒಣಹುಲ್ಲು ಮಾತ್ರ ಬಿಟ್ಟ ಮೊಲವನ್ನು ಜಂಬದ ಮೊಲ ಅನ್ನಬೇಡಿ. ಗಲ್ಲ ಒದ್ದೆಯಾಗಿರುವುದು, ಒಂದೇ ಬದಿಯಲ್ಲಿ ಜಗಿಯುವುದು, ಒಂದು ಕಣ್ಣಿನಿಂದ ಸದಾ ನೀರು ಅಥವಾ ಹಾಲಿನಂಥ ದ್ರವ ಸೋರುವುದು ಇದಕ್ಕೆ ಸೇರಿದ ಲಕ್ಷಣಗಳೇ. ಮೇಲಿನ ಹಲ್ಲುಗಳ ಬೇರು ಕಣ್ಣೀರಿನ ನಾಳದ ಪಕ್ಕದಲ್ಲೇ ಇದ್ದು, ಬೇರು ಬೆಳೆದಾಗ ನಾಳವನ್ನು ಒತ್ತುತ್ತದೆ. ದವಡೆಯ ಕೆಳಗೆ ಸವರಿದಾಗ ಗಂಟು ಸಿಕ್ಕರೆ ಬೇರಿನ ಕೀವುಗಡ್ಡೆ ಇರಬಹುದು. ಮೊಲದ ಕೀವು ಟೂತ್‌ಪೇಸ್ಟಿನಂತೆ ಮಂದ, ತಾನಾಗಿ ಹರಿದುಹೋಗುವುದಿಲ್ಲ. ಒತ್ತಿ ತೆಗೆಯಲು ಹೋಗಬೇಡಿ.

ಬಾಚಿಹಲ್ಲು ನೆಟ್ಟಗಿದೆ ಎಂದು ಹಲ್ಲೆಲ್ಲ ಸರಿಯಿದೆ ಅಂದುಕೊಳ್ಳುವ ಹಾಗಿಲ್ಲ. ದವಡೆ ಹಲ್ಲು ಮನೆಯಲ್ಲಿ ಕಾಣುವುದೇ ಇಲ್ಲ. ವೆಟ್ ದೀಪದ ನಳಿಗೆ ಹಾಕಿ ನೋಡಬೇಕು, ಕೆಲವೊಮ್ಮೆ ಅರಿವಳಿಕೆ ಕೊಟ್ಟೇ ನೋಡಬೇಕಾಗುತ್ತದೆ. ಇನ್ನೂ ತಿನ್ನುತ್ತಿರುವ ಮೊಲವಾದರೆ ಎರಡು ಮೂರು ದಿನದೊಳಗೆ ತೋರಿಸಿದರೆ ಆಯಿತು. ತಿನ್ನುವುದು ನಿಂತಿದ್ದರೆ ಮೇಲಿನ ಗಂಟೆಯ ಲೆಕ್ಕವೇ ಅನ್ವಯಿಸುತ್ತದೆ.

ಮುಖ, ಭಂಗಿ, ಉಸಿರು

ಮೊಲದ ಮುಖದಲ್ಲಿ ನೋವು ಓದಲು 2012ರಲ್ಲಿ ಒಂದು ಅಳತೆಗೋಲು ಪ್ರಕಟವಾಯಿತು. ರ್‍ಯಾಬಿಟ್ ಗ್ರಿಮೇಸ್ ಸ್ಕೇಲ್ ಎಂದು ಅದರ ಹೆಸರು. ನೋಡುವುದು ಐದನ್ನು: ಕಣ್ಣು ಕಿರಿದಾಗಿದೆಯೇ, ಕೆನ್ನೆ ದುಂಡುತನ ಕಳೆದು ಚಪ್ಪಟೆಯಾಗಿದೆಯೇ, ಮೂಗಿನ ಹೊಳ್ಳೆ ಬಿಗಿದು ಮೊನೆಯಾಗಿದೆಯೇ, ಮೀಸೆ ಸೆಟೆದಿದೆಯೇ, ಕಿವಿ ಬಿಗಿಯಾಗಿ ಸುರುಳಿಗೊಂಡು ಹಿಂದಕ್ಕೆ ಒರಗಿದೆಯೇ. ಇದನ್ನು ದೂರದಿಂದ ನೋಡಬೇಕು. ನೀವು ಎದುರು ಕೂತರೆ ಮೊಲ ಮುಖ ಸರಿಮಾಡಿಕೊಳ್ಳುತ್ತದೆ. ಫೋನನ್ನು ವಿಡಿಯೋಗೆ ಇಟ್ಟು ಹತ್ತು ನಿಮಿಷ ಕೋಣೆಯಿಂದ ಹೊರಗೆ ಹೋಗಿ ಬಂದರೆ ನಿಜ ಸ್ಥಿತಿ ಕಾಣುತ್ತದೆ, ಆ ವಿಡಿಯೋ ವೆಟ್‌ಗೂ ಬೇಕಾಗುತ್ತದೆ.

ಹೊಟ್ಟೆ ನೋಯುವ ಮೊಲ ಬೆನ್ನು ಗೂನು ಮಾಡಿ ಮುಂಗಾಲ ಮೇಲೆ ಭಾರ ಹಾಕಿ ಕೂರುತ್ತದೆ, ಅಥವಾ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮೈ ಚಾಚುತ್ತದೆ, ಎದ್ದು ಜಾಗ ಬದಲಿಸಿ ಮತ್ತೆ ಒತ್ತುತ್ತದೆ. ಹಾಯಾಗಿ ಮೈಚಾಚಿ ಮಲಗಿದ ಮೊಲಕ್ಕೂ ಇದಕ್ಕೂ ವ್ಯತ್ಯಾಸ ಆ ಚಡಪಡಿಕೆಯಲ್ಲಿದೆ. ಸವರುವಾಗ ಕೇಳುವ ಮೆಲ್ಲನೆಯ ಹಲ್ಲಿನ ಸದ್ದು ಸಂತೋಷದ್ದು. ಯಾರೂ ಮುಟ್ಟದಿರುವಾಗ ಜೋರಾಗಿ, ಬಿಟ್ಟು ಬಿಟ್ಟು ಕಟಕಟ ಹಲ್ಲು ಕಡಿಯುವುದು ನೋವಿನದ್ದು.

ಉಸಿರನ್ನು ಪಕ್ಕೆಯಲ್ಲಿ ಎಣಿಸಿ, ಮೂಗಿನ ಆಟದಲ್ಲಿ ಎಣಿಸಬೇಡಿ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 30ರಿಂದ 60 ಇರುತ್ತದೆ. ಸೆಕೆ ಇದ್ದರೆ, ಹೆದರಿದ್ದರೆ ಏರುತ್ತದೆ, ಇಳಿದ ಮೇಲೆ ಮತ್ತೆ ಎಣಿಸಿ. ತಂಪಾದ, ಸದ್ದಿಲ್ಲದ ಕೋಣೆಯಲ್ಲೂ ಏರಿಯೇ ಇದ್ದರೆ ಅದೇ ದಿನ ತೋರಿಸಿ. ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಬಾಯಿ ತೆರೆದು, ತಲೆ ಮೇಲೆತ್ತಿ ಉಸಿರಾಡುತ್ತಿದೆ ಎಂದರೆ ಪರಿಸ್ಥಿತಿ ಕೈಮೀರುತ್ತಿದೆ, ಕೈಗೆತ್ತಿಕೊಂಡು ಪರೀಕ್ಷಿಸುವ ಹೊತ್ತು ಅದಲ್ಲ. ಆಗಾಗ ಒಂದೆರಡು ಸೀನು ಹುಲ್ಲಿನ ಧೂಳಿಗೆ ಬರಬಹುದು. ಸೀನಿನ ಜೊತೆ ಬಿಳಿ ಸಿಂಬಳ ಇದ್ದರೆ, ಮುಂಗಾಲಿನ ಒಳಬದಿಯ ರೋಮ ಅಂಟಂಟಾಗಿ ಜಡೆಗಟ್ಟಿದ್ದರೆ ಸೋಂಕು. ಮೊಲ ಮೂಗನ್ನು ಮುಂಗಾಲಲ್ಲಿ ಒರೆಸಿಕೊಳ್ಳುತ್ತದೆ, ಮೂಗು ಶುಭ್ರವಾಗಿ ಕಂಡರೂ ಕಾಲು ಸುಳ್ಳು ಹೇಳುವುದಿಲ್ಲ.

ಮೈಯ ಬಿಸಿ ಸಾಮಾನ್ಯವಾಗಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ. ಜ್ವರಕ್ಕೆ ಹೆದರುವಷ್ಟು ಜನ ತಣ್ಣಗಾಗುವುದಕ್ಕೆ ಹೆದರುವುದಿಲ್ಲ, ಮೊಲದಲ್ಲಿ ಮಾತ್ರ ಅದೇ ಹೆಚ್ಚು ಅಪಾಯ. 38ಕ್ಕಿಂತ ಕೆಳಗಿಳಿದ ಮೊಲ ಆಘಾತದತ್ತ (ರಕ್ತಸಂಚಾರ ಕುಸಿಯುವ ಶಾಕ್ ಸ್ಥಿತಿಯತ್ತ) ಸಾಗುತ್ತಿರಬಹುದು. ಗುದದಲ್ಲಿ ಥರ್ಮಾಮೀಟರ್ ಇಡುವುದನ್ನು ವೆಟ್ ಕೈಯಿಂದ ಕಲಿಯದೆ ಮಾಡಬೇಡಿ. ಒದ್ದಾಡಿ ಒದೆದರೆ ಮೊಲ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲದು. ಅಷ್ಟು ಬೇಡವಾದರೆ ಕಿವಿ ಮುಟ್ಟಿ. ಬೆಚ್ಚಗಿನ ಕೋಣೆಯಲ್ಲೂ ಕಿವಿ ಬುಡದವರೆಗೆ ತಣ್ಣಗಿದ್ದು, ಮೊಲ ಜಡವಾಗಿದ್ದರೆ ಅದು ಸಾಕಷ್ಟು ಸಾಕ್ಷಿ.

ಉಚ್ಚೆಯ ಬಣ್ಣ

ಕೆಂಪು ಉಚ್ಚೆ ಕಂಡು ಎದೆ ಒಡೆದುಕೊಳ್ಳುವವರೇ ಹೆಚ್ಚು, ಆದರೆ ಬಹುಪಾಲು ಅದು ರಕ್ತವಲ್ಲ. ಸೊಪ್ಪಿನ ವರ್ಣದ್ರವ್ಯದಿಂದ ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಎಲ್ಲ ಬರುತ್ತದೆ, ಒಂದೆರಡು ದಿನಕ್ಕೆ ಹೋಗುತ್ತದೆ. ಒಟ್ಟು ಉಚ್ಚೆ ಒಂದೇ ಸಮನೆ ಕೆಂಪಿದ್ದು ಮೊಲ ಚುರುಕಾಗಿದ್ದರೆ ಬಣ್ಣವೇ ಇರಬೇಕು. ಹಳದಿ ಉಚ್ಚೆಯ ನಡುವೆ ಕೆಂಪು ಗೆರೆ, ಚುಕ್ಕೆ, ಹೆಪ್ಪು ಕಂಡರೆ ರಕ್ತ. ಬಿಳಿ ಟವೆಲ್ ಮೇಲೆ ಹಿಡಿದು ಫೋಟೋ ತೆಗೆದು, ಸಿಗುವುದಾದರೆ ಸಿರಿಂಜಿನಲ್ಲಿ ಸ್ವಲ್ಪ ಎಳೆದು ತೆಗೆದುಕೊಂಡು ಹೋಗಿ. ವೆಟ್ ಪರೀಕ್ಷಾ ಪಟ್ಟಿ ಅದ್ದಿ ನೋಡಿದರೆ ರಕ್ತವೋ ಅಲ್ಲವೋ ನಿಮಿಷದಲ್ಲಿ ತಿಳಿಯುತ್ತದೆ. ಗರ್ಭಕೋಶ ತೆಗೆಸದ ಹೆಣ್ಣು ಮೊಲ ಮೂರು ನಾಲ್ಕು ವರ್ಷ ದಾಟಿದ್ದರೆ ಈ ರಕ್ತವನ್ನು ಹಗುರವಾಗಿ ನೋಡಲೇಬಾರದು. ಆ ವಯಸ್ಸಿನಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ, ರಕ್ತ ಆಗಾಗ ಬಂದು ಹೋಗುತ್ತ ಇರುತ್ತದೆ, ನಿಂತಿತು ಎಂದು ಸುಮ್ಮನಾಗುವುದೇ ತಪ್ಪು.

ಒಣಗಿದ ಮೇಲೆ ಸುಣ್ಣದಂತೆ ಬಿಳಿ ಪುಡಿ ಉಳಿಯುವುದು ಸ್ವಲ್ಪಮಟ್ಟಿಗೆ ಸಹಜ, ಮೊಲ ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ಉಚ್ಚೆಯಲ್ಲೇ ಹೊರಹಾಕುತ್ತದೆ. ಹಿಟ್ಟು ಕಲಸಿದಂತೆ ಮಂದವಾಗಿ ಬಂದರೆ, ಹಿಂಭಾಗ ಸದಾ ಒದ್ದೆಯಿದ್ದರೆ, ತಿಣುಕಿ ಹನಿಹನಿಯಾಗಿ ಮಾಡಿದರೆ ತೋರಿಸಿ. ತಿಣುಕಿಯೂ ಒಂದು ಹನಿ ಬರದಿದ್ದರೆ ತುರ್ತು.

ತಕ್ಷಣ ಹೊರಡಬೇಕಾದ ಇನ್ನು ಕೆಲವು

ತಲೆ ಒಂದು ಕಡೆಗೆ ವಾಲುವುದು, ಕಣ್ಣಗುಡ್ಡೆ ಅತ್ತಿತ್ತ ಓಡುವುದು, ಮೈ ಉರುಳುವುದು. ಒಳಕಿವಿಯ ಸೋಂಕು ಅಥವಾ ಇ. ಕ್ಯುನಿಕ್ಯುಲಿ ಎಂಬ ಪರಾವಲಂಬಿ ಇರಬಹುದು. ನೋಡಲು ಭಯಂಕರ, ಆದರೆ ಬೇಗ ಮದ್ದು ಶುರುವಾದರೆ ಎಷ್ಟೋ ಮೊಲಗಳು ಚೇತರಿಸಿಕೊಳ್ಳುತ್ತವೆ. ಹಿಂಗಾಲು ಎಳೆಯುವುದು. ಒಸಡು ಬಿಳಿಚಿಕೊಳ್ಳುವುದು: ಜೋಲುಕಿವಿಯ ಮೊಲ ತಿನ್ನುವುದು ಬಿಟ್ಟು ಒಸಡು ಬಿಳಿಚಿದ್ದರೆ ಯಕೃತ್ತಿನ ಹಾಲೆ ತಿರುಚಿಕೊಂಡಿರುವ ಸಾಧ್ಯತೆಯನ್ನೂ ನೋಡಬೇಕಾಗುತ್ತದೆ. ಇದು ಬರೀ ಸ್ಟೇಸಿಸ್‌ನಂತೆಯೇ ಕಾಣುತ್ತದೆ, ಕೇಳದಿದ್ದರೆ ತಪ್ಪಿಹೋಗಬಹುದು.

ಹಿಂಭಾಗ ಕೊಳಕಾಗಿದ್ದು ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳು ಹೊರಬಂದು ಜೀವಂತ ಚರ್ಮವನ್ನೇ ತಿನ್ನತೊಡಗುತ್ತವೆ. ಬಿಸಿಲುಗಾಲದಲ್ಲಿ ದಿನಕ್ಕೆ ಎರಡು ಬಾರಿ ಹಿಂಭಾಗ ನೋಡಿ, ಒಂದೇ ಹುಳು ಕಂಡರೂ ಆಗಲೇ ಹೊರಡಿ. ಇಡೀ ಮೊಲವನ್ನು ನೀರಿನಲ್ಲಿ ಮುಳುಗಿಸಿ ತೊಳೆಯಬೇಡಿ, ಒದ್ದೆ ರೋಮ ನೊಣವನ್ನು ಇನ್ನಷ್ಟು ಸೆಳೆಯುತ್ತದೆ, ಮೈಯೂ ತಣ್ಣಗಾಗುತ್ತದೆ. ಸೆಕೆಗೆ ಕುಸಿದ ಮೊಲಕ್ಕೆ ಮಾತ್ರ ತಂಪು ಬೇಕು. ಕಿವಿಗೆ ತಣ್ಣೀರಿನ ಬಟ್ಟೆ ಒತ್ತುತ್ತ ಹೊರಡಿ, ಐಸ್ ನೀರಿನಲ್ಲಿ ಅದ್ದಬೇಡಿ.

ತಕ್ಕಡಿ

ಇದಕ್ಕಿಂತ ಅಗ್ಗದ, ನಿಖರವಾದ ಎಚ್ಚರಿಕೆ ಗಂಟೆ ಇಲ್ಲ. ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರದ ಮೇಲೆ ಬುಟ್ಟಿಯಿಟ್ಟು, ಸೊನ್ನೆ ಮಾಡಿ, ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ತಿಂಡಿಗೆ ಮುಂಚೆ ತೂಗಿ. 2 ಕಿಲೋ ಮೊಲ 100 ಗ್ರಾಂ ಇಳಿದರೆ ಶೇಕಡಾ 5. ಎರಡು ದಿನ ಬಿಟ್ಟು ಮತ್ತೆ ತೂಗಿ, ತಿನ್ನುವುದನ್ನು ಗಮನಿಸಿ. 200 ಗ್ರಾಂ ಇಳಿದಿದ್ದರೆ ಬೇರೆ ಯಾವ ಲಕ್ಷಣ ಇಲ್ಲದಿದ್ದರೂ ವೆಟ್. ದಟ್ಟ ರೋಮದಡಿ ಇಷ್ಟು ಇಳಿಕೆ ಕಣ್ಣಿಗೆ ಕಾಣುವುದಿಲ್ಲ. ತೂಗುವಾಗ ಗಡ್ಡೆ ಇದೆಯೇ ಎಂದು ಮೈ ಸವರಿ, ಪಾದದ ಅಡಿ ನೋಡಿ. ರೋಮ ಸವೆದು ಕೆಂಪಾಗಿದ್ದರೆ ನೆಲಹಾಸು ಬದಲಿಸಿ, ಚರ್ಮ ಒಡೆದಿದ್ದರೆ ತೋರಿಸಿ.

ಇನ್ನೊಂದು ಮಾತು. ಸಣ್ಣ ಲಕ್ಷಣ ಒಂದೇ ಇದ್ದರೆ ಕಾಯಬಹುದು. ಬೇರೆ ಬೇರೆ ಜಾಗದ ಎರಡು ಸಣ್ಣ ಲಕ್ಷಣ ಒಂದೇ ದಿನ ಕಂಡರೆ, ಹಿಕ್ಕೆ ಸ್ವಲ್ಪ ಚಿಕ್ಕದು ಮತ್ತು ಬಚ್ಚಿಟ್ಟುಕೊಂಡು ಕೂತಿದೆ ಎಂಬಂತೆ, ಅದನ್ನು ದೊಡ್ಡ ಲಕ್ಷಣವೆಂದೇ ಎಣಿಸಿ.

ಹೊರಡುವ ಮುಂಚಿನ ಅರ್ಧ ಗಂಟೆ

ಮೊದಲು ಹೊಟ್ಟೆ. ಮೊಲ ನಾಲ್ಕೂ ಕಾಲಿನ ಮೇಲೆ ಇರುವಾಗಲೇ ಪಕ್ಕೆಲುಬಿನ ಹಿಂದೆ, ಎಡಗಡೆ, ಅಂಗೈಯಿಂದ ಮೆಲ್ಲಗೆ ಮುಟ್ಟಿ. ಕಣಕದಂತೆ ಮೆತ್ತಗಿರಬೇಕು. ಡೋಲಿನಂತೆ ಬಿಗಿದು ಉಬ್ಬಿದ್ದರೆ ಕರುಳು ಕಟ್ಟಿಕೊಂಡಿರಬಹುದು, ಸಾಮಾನ್ಯವಾಗಿ ಒತ್ತಿ ಉಂಡೆಗಟ್ಟಿದ ಕೂದಲಿನಿಂದ. ಇಂಥ ಮೊಲ ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನಕ್ಕೆ ಕುಸಿಯುತ್ತದೆ. ಬಾಯಿಗೆ ಏನೂ ಹಾಕಬೇಡಿ, ಹೊಟ್ಟೆ ಉಜ್ಜಬೇಡಿ, ಹೊರಡಿ.

ಮೆತ್ತಗಿದ್ದರೆ ಪರಿಚಿತ ಸೊಪ್ಪನ್ನು ನೀರಿನಲ್ಲಿ ಅದ್ದಿ ಕೊಟ್ಟು ನೋಡಿ, ಮುಂದೆ ಹೊಸ ಹುಲ್ಲಿನ ಹಿಡಿ ಇಡಿ, ಬಾಟಲಿಯ ಬದಲು ಬಟ್ಟಲಲ್ಲಿ ನೀರಿಡಿ. ಕಿವಿ ತಣ್ಣಗಿದ್ದರೆ ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಒಂದು ಬದಿಗಿಡಿ, ಬೇಡವೆನಿಸಿದರೆ ಮೊಲ ಸರಿಯಲು ಇನ್ನೊಂದು ಬದಿ ಖಾಲಿ ಇರಲಿ. ಗ್ಯಾಸಿಗೆಂದು ಸಿಮೆಥಿಕೋನ್ ಹನಿ ಹಾಕುವ ರೂಢಿ ಎಲ್ಲೆಡೆ ಇದೆ. ಅದರಿಂದ ಹಾನಿಯಿಲ್ಲ, ದೊಡ್ಡ ಪ್ರಯೋಜನವೂ ಇಲ್ಲ. ಹಾನಿಯಾಗುವುದು ಅದು ಕೆಲಸ ಮಾಡಲಿ ಎಂದು ಕಾಯುವ ಗಂಟೆಗಳಿಂದ.

ಸಿರಿಂಜಿನಿಂದ ಒತ್ತಾಯವಾಗಿ ತಿನ್ನಿಸುವುದನ್ನು ವೆಟ್ ಹೊಟ್ಟೆ ನೋಡಿ, ಕಟ್ಟಿಲ್ಲ ಎಂದ ಮೇಲೆಯೇ ಮಾಡಿ. ತಣ್ಣಗಾದ, ತಲೆ ಎತ್ತಲಾಗದ ಮೊಲಕ್ಕಂತೂ ಬೇಡವೇ ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಮುಟ್ಟಬೇಡಿ. ಬಾಯಿಯ ಮೂಲಕ ಕೊಟ್ಟ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್ ಎಂಬ ಆಂಟಿಬಯಾಟಿಕ್‌ಗಳು ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ವಿಷ ಉಗುಳುವ ಕ್ಲಾಸ್ಟ್ರೀಡಿಯಂ ಎಂಬ ಬ್ಯಾಕ್ಟೀರಿಯಾಕ್ಕೆ ಜಾಗ ಮಾಡಿಕೊಡುತ್ತವೆ, ಮೊಲ ಸಾಯಬಹುದು. ನಾಯಿಯ ಚಿಗಟಕ್ಕೆ ಹಚ್ಚುವ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷ. ನಾಯಿಗೆಂದು ತಂದ ಮೆಲಾಕ್ಸಿಕ್ಯಾಮ್ ಎಂಬ ನೋವಿನ ಮದ್ದಿನ ಬಾಟಲಿಯ ಮೇಲಿರುವ ಅಳತೆ ಮೊಲಕ್ಕೆ ಹೊಂದುವುದಿಲ್ಲ. ಅಳತೆ ವೆಟ್ ಹೇಳಬೇಕು.

ಫೋನಿನಲ್ಲಿ "ಮಂಕಾಗಿದೆ" ಎಂದರೆ ನಾಳೆ ಬನ್ನಿ ಎಂಬ ಉತ್ತರ ಬರುತ್ತದೆ. ಗಂಟೆ ಹೇಳಿ: "ಕೊನೆಯ ಬಾರಿ ತಿಂದದ್ದು ರಾತ್ರಿ 10ಕ್ಕೆ, ಕೊನೆಯ ಹಿಕ್ಕೆ ಬೆಳಗಿನ ಜಾವ, ಉಚ್ಚೆ ಆಗಿದೆ, ಕಿವಿ ತಣ್ಣಗಿದೆ, ತೂಕ ಹೋದ ವಾರಕ್ಕಿಂತ 80 ಗ್ರಾಂ ಕಡಿಮೆ." ಇದೇ ಸಾಲುಗಳನ್ನು ಚೀಟಿಯಲ್ಲೂ ಬರೆದುಕೊಳ್ಳಿ, ಕೊನೆಯ ಹಿಕ್ಕೆಗಳನ್ನು ಡಬ್ಬಿಯಲ್ಲಿ ಹಾಕಿಕೊಳ್ಳಿ. ಬುಟ್ಟಿಯ ತಳಕ್ಕೆ ಜಾರದಂತೆ ಟವೆಲ್, ಜೊತೆಗೆ ಹುಲ್ಲು, ಮೇಲೆ ಬೆಳಕು ತಡೆಯುವ ಬಟ್ಟೆ. ಜೋಡಿ ಮೊಲ ಇದ್ದರೆ ಅದನ್ನೂ ಕರೆದೊಯ್ಯಿರಿ.

ಮೊಲ ಗೊತ್ತಿರುವ ವೆಟ್‌ನನ್ನು ಹುಡುಕುವ ಕೆಲಸ ಮೊಲ ಹುಷಾರಾಗಿರುವಾಗಲೇ ಮುಗಿಯಬೇಕು. ಕೇಳಬೇಕಾದ ಒಂದು ಪ್ರಶ್ನೆ ಬಹಳಷ್ಟನ್ನು ಹೇಳಿಬಿಡುತ್ತದೆ: ಶಸ್ತ್ರಚಿಕಿತ್ಸೆಗೆ ಮುನ್ನ ಮೊಲವನ್ನು ರಾತ್ರಿಯಿಡೀ ಉಪವಾಸ ಇಡಬೇಕಾ? ಹೌದು ಅಂದರೆ ಬೇರೆಯವರನ್ನು ನೋಡಿ. ವಾಂತಿಯೇ ಮಾಡದ ಪ್ರಾಣಿಗೆ ಉಪವಾಸ ಬೇಕಿಲ್ಲ, ಅದರಿಂದ ಕೆಡುಕೇ ಹೆಚ್ಚು. ತಿನ್ನದ ಮೊಲವನ್ನು ಕರೆದೊಯ್ದಾಗ ಎಕ್ಸ್‌ರೇ ಮತ್ತು ರಕ್ತದ ಸಕ್ಕರೆ ನೋಡುವಿರಾ ಎಂದು ಕೇಳಲು ಸಂಕೋಚ ಬೇಡ. ಸಕ್ಕರೆ ಡೆಸಿಲೀಟರಿಗೆ 360 ಮಿ.ಗ್ರಾಂ. ದಾಟಿದ್ದರೆ ಕರುಳು ಕಟ್ಟಿರುವ ಅನುಮಾನ ಬಲವಾಗುತ್ತದೆ, ಸಾದಾ ಸ್ಟೇಸಿಸ್‌ನಲ್ಲಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ನೋವಿನ ಮದ್ದು, ಚರ್ಮದಡಿ ಅಥವಾ ರಕ್ತನಾಳಕ್ಕೆ ದ್ರವ, ಬೆಚ್ಚಗಿಡುವುದು ಮೊದಲ ಹೆಜ್ಜೆಗಳು. ಸ್ಟೇಸಿಸ್ ಅನ್ನುವುದು ಪರಿಣಾಮ, ಕಾರಣ ಬೇರೆಲ್ಲೋ ಇರುತ್ತದೆ. ಹಲ್ಲು, ಮೂತ್ರಕೋಶ, ಬೆನ್ನು ನೋಡದೆ "ಗ್ಯಾಸ್" ಎಂದು ಕಳಿಸಿದರೆ ವಾರದಲ್ಲಿ ಮತ್ತೆ ಅಲ್ಲಿಗೇ ಬರುತ್ತೀರಿ.

ಮನೆಗೆ ಬಂದ ಮೇಲೆ ವೆಟ್ ಹೇಳಿದ್ದರೆ ಸಿರಿಂಜಿನ ಊಟ: ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿ.ಲೀ., ದಿನಕ್ಕೆ ನಾಲ್ಕೈದು ಬಾರಿ. ಸಿರಿಂಜಿನ ತುದಿ ಬಾಚಿಹಲ್ಲಿನ ಹಿಂದಿನ ಸಂದಿಯಲ್ಲಿ, ಬದಿಯಿಂದ. ಒಂದು ಸಲಕ್ಕೆ 1 ಮಿ.ಲೀ., ನುಂಗಿದ ಮೇಲೆ ಇನ್ನೊಂದು. ಮೊಲ ನೆಟ್ಟಗೆ ಕೂತಿರಬೇಕು, ಬೆನ್ನ ಮೇಲೆ ಮಲಗಿಸಬಾರದು. ಟ್ರೇ ಖಾಲಿ ಮಾಡಿ ಎಣಿಕೆ ಹೊಸದಾಗಿ ಶುರುಮಾಡಿ. ಮೊದಲು ಬೀಳುವ ಹಿಕ್ಕೆ ಸಾಸಿವೆಗಿಂತ ಕೊಂಚ ದೊಡ್ಡದು, ಕಪ್ಪಗೆ, ಸೊಟ್ಟಗೆ, ಕೆಲವೊಮ್ಮೆ ಕೂದಲಿನಿಂದ ಕೂಡಿರುತ್ತದೆ. ಅದು ಹಳೆಯದು ಹೊರಬರುತ್ತಿರುವ ಗುರುತು, ಒಳ್ಳೆಯದೇ. ಎರಡು ಮೂರು ದಿನಗಳಲ್ಲಿ ಗಾತ್ರ ನಿಮ್ಮ ಹಳೆಯ ಫೋಟೋದ ಹತ್ತಿರ ಬರಬೇಕು. ಮನೆಗೆ ಬಂದು 12 ಗಂಟೆಯಾದರೂ ಒಂದೂ ಬೀಳದಿದ್ದರೆ, ಅಥವಾ ತುತ್ತು ನುಂಗಿದ ಮೇಲೆ ಹೊಟ್ಟೆ ಬಿಗಿಯತೊಡಗಿದರೆ, ಮುಂದಿನ ಡೋಸ್ ಹಾಕದೆ ವೆಟ್‌ಗೆ ಫೋನ್ ಮಾಡಿ.